ಜಾರಿದ ಗಂಟು

ವಾಪಸ್ ಬಂದ ಹಾರ್ನೆಸ್ ರೂಪಶ್ರೀಯ ಮೇಜಿನ ಮೇಲೆ ಸತ್ತ ಕೇರೆಹಾವಿನ ಹಾಗೆ ಬಿದ್ದಿತ್ತು. ಮೂವತ್ತೆಂಟು ತಂತಿಗಳ ಕಟ್ಟು ಅದು. ತರಬೇತಿ ವಿಮಾನದ ಎಂಜಿನ್ ಪಕ್ಕದಿಂದ ಹೊರಟು ಪೈಲಟ್ ಮುಂದಿನ ಫಲಕದವರೆಗೆ ಹೋಗಿ, ದೀಪ, ರೇಡಿಯೋ, ಇಂಧನದ ಮುಳ್ಳು ಎಲ್ಲಕ್ಕೂ ಕರೆಂಟು ಹಂಚುವುದು ಅದರ ಕೆಲಸ. ಹೊರಗಿನ ಕವಚವನ್ನು ಅವಳು ಆಗಲೇ ಸೀಳಿದ್ದಳು. ಒಳಗೆ, ತಂತಿಗಳನ್ನು ಒಟ್ಟಿಗೆ ಬಿಗಿಯುವ ದಾರದ ನಾಲ್ಕನೇ ಗಂಟು ಇರಬೇಕಾದ ಜಾಗದಲ್ಲಿ ಗಂಟಿರಲಿಲ್ಲ. ಐದನೆಯದೂ ಇರಲಿಲ್ಲ. ಎರಡೂ ಜಾರಿಕೊಂಡು ಆರನೆಯದರ ಮೇಲೆ ಬಂದು ಕೂತಿದ್ದವು. ಬಿಗಿ ತಪ್ಪಿದ ತಂತಿಗಳು ಜೋತುಬಿದ್ದು, ವಿಮಾನದೊಳಗಿನ ತಗಡಿನ ಅಂಚಿಗೆ ಉಜ್ಜಿ ಉಜ್ಜಿ, ಒಂದರ ಹೊದಿಕೆ ಪೂರ್ತಿ ಸವೆದುಹೋಗಿತ್ತು. ತಾಮ್ರ ಕಪ್ಪಾಗಿತ್ತು. ಸುಟ್ಟ ವಾಸನೆ ಇನ್ನೂ ಬರುತ್ತಿತ್ತು.

ಸೋಮವಾರ ಆ ವಿಮಾನದಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳು ಹಾರುವುದನ್ನು ಕಲಿಯುತ್ತಿದ್ದಳು. ಹೊಗೆ ಬಂತು, ರೇಡಿಯೋ ಸತ್ತಿತು. ಪಕ್ಕದಲ್ಲಿದ್ದ ಶಿಕ್ಷಕರು ಮುಖ್ಯ ಸ್ವಿಚ್ ಆರಿಸಿ, ಕಣ್ಣಂದಾಜಿನ ಮೇಲೆ ನೆಲಕ್ಕಿಳಿಸಿದರು. ಯಾರಿಗೂ ಏನೂ ಆಗಲಿಲ್ಲ. 'ಯಾರಿಗೂ ಏನೂ ಆಗಿಲ್ಲ' ಎಂಬ ಮಾತನ್ನು ಮ್ಯಾನೇಜರ್ ಚಂದ್ರಮೌಳಿ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದರು.

ಇಂಥವೇ ಇನ್ನೂ ಹತ್ತು ಹಾರ್ನೆಸ್ ಹಾರಲು ಕಲಿಸುವ ಅದೇ ಶಾಲೆಗೆ ಹೋಗಿದ್ದವು. ಹತ್ತು ವಿಮಾನ. ಹತ್ತೂ ದಿನಾ ಹಾರುತ್ತಿದ್ದವು. ಇಲ್ಲಿ ಕಟ್ಟಿದ ಹಾರ್ನೆಸ್ ಹಾಕಿಕೊಂಡು ಹಾರುತ್ತಿದ್ದವು ಸದ್ಯಕ್ಕೆ ಇವಷ್ಟೇ.

ಪ್ರತಿ ಹಾರ್ನೆಸ್ ತುದಿಯಲ್ಲಿ ಸಣ್ಣದೊಂದು ಬಿಳಿ ಪಟ್ಟಿ ಇರುತ್ತದೆ. ಕಟ್ಟಿದವರ ಹೆಸರು ಅದರ ಮೇಲಿರುವುದಿಲ್ಲ. ತಪಾಸಣೆ ಮಾಡಿ ಸರಿಯಿದೆ ಎಂದವರ ಸ್ಟಾಂಪಿನ ನಂಬರ್ ಮಾತ್ರ ಇರುತ್ತದೆ. ಈ ಪಟ್ಟಿಯ ಮೇಲಿದ್ದದ್ದು 6. ಅದು ರೂಪಶ್ರೀಯ ನಂಬರ್.

ಹಾಸನದ ಕೈಗಾರಿಕಾ ಪ್ರದೇಶದ ಆ ಶೆಡ್ಡಿನಲ್ಲಿ ಹದಿಮೂರು ಹೆಂಗಸರು ಕೆಲಸ ಮಾಡುತ್ತಿದ್ದರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಕಂಪನಿಯ ವ್ಯಾನುಗಳು ಅವರನ್ನು ತುಂಬಿಕೊಂಡು ಬರುತ್ತಿದ್ದವು. ಅವರಲ್ಲಿ ಐಟಿಐ ಓದಿದವಳು ಬೂವನಹಳ್ಳಿಯ ರೂಪಶ್ರೀ ಒಬ್ಬಳೇ. ಹಾಗಾಗಿ ಸ್ಟಾಂಪು ಅವಳ ಕೈಗೆ ಬಂದಿತ್ತು. ಗೋಡೆಯ ಮೇಲೆ ಆಳೆತ್ತರದ ಒಂದು ಫೋಟೋ. ಅರಕಲಗೂಡಿನ ನೀಲಗಂಗಮ್ಮ ಒಂದು ಕೈಯಲ್ಲಿ ಕನಕಾಂಬರದ ದಂಡೆ, ಇನ್ನೊಂದು ಕೈಯಲ್ಲಿ ವಿಮಾನದ ತಂತಿ ಹಿಡಿದು ನಗುತ್ತಿದ್ದಾರೆ. ಕೆಳಗೆ ದೊಡ್ಡ ಅಕ್ಷರದಲ್ಲಿ: 'ಹೂ ಕಟ್ಟುವ ಕೈಗಳು, ಆಕಾಶ ಕಟ್ಟುವ ಕೈಗಳು.' ಹೊರಗಿನಿಂದ ಯಾರೇ ದೊಡ್ಡವರು ಬಂದರೂ ಚಂದ್ರಮೌಳಿ ಅವರನ್ನು ಮೊದಲು ನೀಲಗಂಗಮ್ಮನ ಮೇಜಿಗೆ ಕರೆತರುತ್ತಿದ್ದರು. ಆಕೆ ಮೊದಲು ಮಲ್ಲಿಗೆ ಕಟ್ಟಿ ತೋರಿಸಬೇಕು, ಆಮೇಲೆ ಹಾರ್ನೆಸ್ ಕಟ್ಟಿ ತೋರಿಸಬೇಕು. ಅದೇ ಬೆರಳು, ಅದೇ ಸುತ್ತು, ಅದೇ ಗಂಟು. ಬಂದವರು ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಹೋಗುತ್ತಿದ್ದರು.

ಅದೇ ಗಂಟು. ತಪ್ಪು ಇದ್ದದ್ದೇ ಅಲ್ಲಿ. ಎರಡು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು.

ವಿಮಾನದ ತಂತಿಗೆ ಪ್ರತಿ ಗಂಟನ್ನೂ ಬೇರೆ ಬೇರೆಯಾಗಿ ಹಾಕಬೇಕು. ಎರಡು ಸುತ್ತು ಸುತ್ತಿ, ಮೇಲೆ ಅಡ್ಡಗಂಟು ಬಿಗಿದು, ದಾರ ಕತ್ತರಿಸಿ, ಮುಂದಿನದಕ್ಕೆ ಹೋಗಬೇಕು. ಕಲಿಸಲು ಹದಿನೈದು ದಿನ ಎಂದು ಕಾಗದದಲ್ಲಿ ಬರೆದಿತ್ತು. ಕಲಿಸಿದ್ದು ಮೂರು ದಿನ. ಅದರಲ್ಲಿ ಎರಡು ದಿನ ಇಂಗ್ಲಿಷ್ ವಿಡಿಯೋ. ನೀಲಗಂಗಮ್ಮ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, 'ಇಷ್ಟೇಯಾ' ಎಂದು ತಮ್ಮದೇ ರೀತಿಯಲ್ಲಿ ಕಟ್ಟಿಬಿಟ್ಟರು. ದಾರ ಕತ್ತರಿಸದೆ, ಬೆರಳಿಗೆ ಸುತ್ತಿ, ಮಡಿಕೆಯೊಳಗೆ ನುಗ್ಗಿಸಿ, ಒಂದೇ ಎಳೆತ. ಬೇರೆಯವರು ಒಂದು ಗಂಟು ಹಾಕುವಷ್ಟರಲ್ಲಿ ಅವರದು ನಾಲ್ಕು. ಕಲಿಸಲು ಬಂದವನು ಎಳೆದು ನೋಡಿ ಸೂಪರ್ ಎಂದ. ಚಂದ್ರಮೌಳಿ ಫೋಟೋದವನನ್ನು ಕರೆಸಿದರು. ರೂಪಶ್ರೀಯೂ ಎಳೆದು ನೋಡಿದಳು. ಬಿಗಿಯಾಗಿತ್ತು. ವಿಡಿಯೋದಲ್ಲಿದ್ದ ಗಂಟು ಇದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸ್ಟಾಂಪ್ ಒತ್ತಿದಳು. ಒಂದು ವಾರದೊಳಗೆ ಕಟ್ಟುವ ಹೆಂಗಸರೆಲ್ಲ ಹೂವಿನ ಗಂಟನ್ನೇ ಹಾಕುತ್ತಿದ್ದರು.

"ರೂಪಶ್ರೀ ಅವರೇ, ಇದು ಸಿಂಪಲ್," ಎಂದರು ಚಂದ್ರಮೌಳಿ, ಮೇಜಿನ ಪಕ್ಕ ನಿಂತು. "ಅವರ ಮೆಕ್ಯಾನಿಕ್ಕು ಹಾರ್ನೆಸನ್ನ ವಿಮಾನದ ತಗಡಿಗೆ ಬಿಗಿಯೋ ಕ್ಲಾಂಪ್ ಸರಿಯಾಗಿ ಹಾಕಿಲ್ಲ, ಅದಕ್ಕೇ ಉಜ್ಜಿದೆ. ಅಷ್ಟು ಬರೀರಿ, ಸ್ಟಾಂಪ್ ಒತ್ತಿ. ಮೂರು ಗಂಟೆಗೆ ರಿಪೋರ್ಟ್ ಹೋಗ್ಬೇಕು."

"ಕ್ಲಾಂಪು ಸರಿಯಾಗೇ ಹಾಕವ್ರೆ ಸಾ. ರಬ್ಬರ್ ಒತ್ತಿರೋ ಗುರುತು ನೋಡಿ, ಇಲ್ಲಿ, ಇಲ್ಲಿ. ಜಾರಿರೋದು ನಮ್ಮ ಗಂಟು."

"ನಮ್ಮ ಗಂಟು ಅಂತ ಬರೆದ್ರೆ ಏನಾಗತ್ತೆ ಗೊತ್ತಾ? ಹತ್ತು ವಿಮಾನ ನಿಲ್ಲಿಸ್ತಾರೆ. ಆರ್ಡರ್ ಹೋಗತ್ತೆ. ಈ ಶೆಡ್ಡಿಗೆ ಬೀಗ. ನೀವು ಬೂವನಹಳ್ಳಿಯವರಲ್ವಾ? ನಾಳೆ ನಿಮ್ಮೂರಲ್ಲೇ ಏರ್‌ಪೋರ್ಟ್ ಆಗತ್ತೆ. ಎಂಥೆಂಥಾ ಕೆಲಸ ಬರತ್ತೆ ಯೋಚನೆ ಮಾಡಿ."

"ನಾನು ಲಂಗ ಹಾಕ್ಕಂಡು ಓಡಾಡೋ ಕಾಲದಿಂದ ನಾಳೆ ಏರ್‌ಪೋರ್ಟ್ ಆಯ್ತಾನೇ ಅದೆ ಸಾ. ಈ ಹತ್ತು ವಿಮಾನ ಇವತ್ತೇ ಹಾರ್ತಾ ಅವೆ."

ಚಂದ್ರಮೌಳಿ ನಕ್ಕರು. ನಗು ಮುಗಿಯುವ ಮೊದಲೇ ಗಡಿಯಾರ ನೋಡಿದರು. "ಮೂರು ಗಂಟೆ," ಎಂದು ಹೇಳಿ ತಮ್ಮ ಗಾಜಿನ ಕೋಣೆಗೆ ಹೋದರು.

ಹನ್ನೊಂದಕ್ಕೆ ಟೀ ಬಂತು. ಯಾರೂ ಲೋಟ ಮುಟ್ಟಲಿಲ್ಲ. ಹನ್ನೆರಡು ಜನವೂ ರೂಪಶ್ರೀಯ ಮೇಜಿನ ಸುತ್ತ ನಿಂತಿದ್ದರು.

"ಅಕ್ಕ, ಮೀಟ್ರು ಹಿಡಿದು ನೋಡಿದೋಳು ನಾನೇ," ಎಂದಳು ಶಾಂತಿ. ಚನ್ನರಾಯಪಟ್ಟಣದ ಹುಡುಗಿ. ಕಟ್ಟಿ ಮುಗಿದ ಹಾರ್ನೆಸ್‌ಗಳಲ್ಲಿ ಕರೆಂಟು ಸರಿಯಾಗಿ ಹರಿಯುತ್ತದೆಯೇ ಎಂದು ಅಳೆಯುವ ಕೆಲಸ ಅವಳದು. "ಹನ್ನೊಂದೂ ಪಾಸಾಗಿದ್ವು."

"ಮೀಟ್ರಿಗೆ ಇವತ್ತಿಂದು ಮಾತ್ರ ಗೊತ್ತು ಕಣೆ ಶಾಂತಿ. ಮುನ್ನೂರು ಗಂಟೆ ಗಡಗಡ ಅಲ್ಲಾಡಿದ ಮ್ಯಾಲೆ ಏನಾಯ್ತದೆ ಅಂತ ಅದು ಹೆಂಗೆ ಹೇಳ್ತದೆ?"

ಹೊಳೆನರಸೀಪುರದ ದಾಕ್ಷಾಯಣಮ್ಮ ಸೆರಗು ಬಿಗಿದು ಮುಂದೆ ಬಂದರು. "ಬರೀಬ್ಯಾಡ ಕಣವ್ವ. ಏನಾರ ನೆಪ ಹೇಳಿ ಹತ್ತನ್ನೂ ವಾಪಸ್ ತರಿಸ್ಕಳನ. ಬಿಚ್ಚಿ ಸರಿಯಾಗಿ ಕಟ್ಟಿ ಕಳಿಸನ. ಯಾರಿಗೂ ಗೊತ್ತಾಗಲ್ಲ."

"ಏನು ನೆಪ ಹೇಳ್ತೀಯ ದಾಕ್ಷಾಯಣಕ್ಕ? ಅವು ಬರೋಕೆ ಇಪ್ಪತ್ತು ದಿನ. ಅಷ್ಟು ದಿನ ಹಾರ್ತಾನೇ ಇರ್ತವೆ. ನಿನ್ ಮೊಮ್ಮಗಳನ್ನ ಅದ್ರಲ್ಲಿ ಕೂರಿಸಿ ಕಳಿಸ್ತೀಯಾ?"

"ನನ್ ಮೊಮ್ಮಗಳಿಗೆ ಸ್ಕೂಲ್ ಬಸ್ಸೇ ಇಲ್ಲ, ಇನ್ನ ಇಮಾನ ಎಲ್ಲಿಂದ ಬಂತು," ಎಂದರು ದಾಕ್ಷಾಯಣಮ್ಮ. ಯಾರೋ ಕಿಸಕ್ಕನೆ ನಕ್ಕರು. ಆದರೆ ದಾಕ್ಷಾಯಣಮ್ಮ ನಗಲಿಲ್ಲ. ಸವೆದ ತಂತಿಯನ್ನು ಮೂಸಿ ನೋಡಿ, ಮುಖ ಸಿಂಡರಿಸಿಕೊಂಡು ಹಿಂದಕ್ಕೆ ಸರಿದರು.

ಆಗ ಹಿಂದಿನಿಂದ ನೀಲಗಂಗಮ್ಮನ ದನಿ ಕೇಳಿತು. ವಯಸ್ಸು ಅರವತ್ತಕ್ಕೆ ಎರಡು ಕಡಿಮೆ. ಕಾವೇರಿದ ದನಿ.

"ಏನಮ್ಮಿ, ಆಗ್ಲಿಂದ ನೋಡ್ತಾ ಇವ್ನಿ. ನನ್ ಗಂಟು ಜಾರ್ತು ಅಂತೀಯಾ? ನಲವತ್ತು ವರ್ಸ ಕಣೆ! ಅರಕಲಗೂಡು ಬಸ್ ಸ್ಟ್ಯಾಂಡಲ್ಲಿ ನನ್ ಅತ್ರ ಊವ ತಗಂಡೋರು ಧರ್ಮಸ್ಥಳಕ್ ಓಗಿ ಬಂದ್ರೂ ಒಂದ್ ಮೊಗ್ಗು ಉದುರ್ತಿರ್ನಿಲ್ಲ."

"ಹೂವಿನ ತೊಟ್ಟು ಮೆತ್ತಗೆ ನೀಲಕ್ಕ. ದಾರ ಅದರೊಳಗೆ ಕಚ್ಕಂಡು ಕೂತ್ಕತದೆ. ಈ ತಂತಿ ಮೈ ಎಣ್ಣೆ ಹಚ್ಚಿದಂಗೆ. ಕಚ್ಚಕ್ಕೆ ಏನೈತೆ?"

"ಬಾಯಲ್ಲಿ ಯೋಳಬ್ಯಾಡ. ಮಾಡಿ ತೋರ್ಸು."

ರೂಪಶ್ರೀ ಒಂದು ಮೊಳ ಉದ್ದದ ತಂತಿಕಟ್ಟು ತೆಗೆದುಕೊಂಡಳು. ಅರ್ಧಕ್ಕೆ ನೀಲಗಂಗಮ್ಮ ತಮ್ಮ ಗಂಟುಗಳನ್ನು ಹಾಕಿದರು. ಸಿಟ್ಟಿನಲ್ಲಿ ಎಂದಿಗಿಂತ ಬಿಗಿಯಾಗಿಯೇ ಎಳೆದರು. ಇನ್ನರ್ಧಕ್ಕೆ ರೂಪಶ್ರೀ ವಿಡಿಯೋದಲ್ಲಿ ನೋಡಿದ್ದ ಗಂಟು ಹಾಕಿದಳು. ಪ್ರತಿ ಗಂಟಿನ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದರು. ಶೆಡ್ಡಿನ ಹಿಂದೆ ಗಾಳಿ ತುಂಬುವ ಹಳೆಯ ಕಂಪ್ರೆಸರ್ ಇತ್ತು. ಶುರುವಾದರೆ ನಿಂತ ನೆಲ ನಡುಗಬೇಕು. ಅದರ ಮೈಗೆ ಆ ತಂತಿಕಟ್ಟನ್ನು ಬಿಗಿದು, ಸ್ವಿಚ್ ಹಾಕಿ, ಹದಿಮೂರೂ ಜನ ಅಲ್ಲೇ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚಿದರು.

ಕಂಪ್ರೆಸರ್ ಗದ್ದಲದಲ್ಲಿ ಮಾತು ಕೇಳುವ ಹಾಗಿರಲಿಲ್ಲ. ಮುದ್ದೆ ಮುರಿಯುತ್ತಾ ಎಲ್ಲರೂ ತಂತಿಯನ್ನೇ ನೋಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ನೀಲಗಂಗಮ್ಮನ ಮೊದಲ ಗಂಟು ಗೆರೆ ದಾಟಿತು. ಶಾಂತಿ ತಿರುಗಿ ಅವರ ಮುಖ ನೋಡಿದಳು. ಅವರು ಉಪ್ಸಾರಿನಲ್ಲಿ ಬೆರಳಾಡಿಸುತ್ತಿದ್ದರು. ನಲವತ್ತು ನಿಮಿಷಕ್ಕೆ ಮೂರು ಗಂಟು ನಾಲ್ಕು ಬೆರಳಿನಷ್ಟು ಸರಿದು ಒಂದರ ಮೇಲೊಂದು ಕೂತವು. ಅತ್ತ ಕಡೆಯ ಗಂಟುಗಳು ಗೆರೆಯ ಪಕ್ಕದಲ್ಲೇ ಇದ್ದವು.

ನೀಲಗಂಗಮ್ಮ ಎದ್ದು ಕೈ ತೊಳೆದರು. ಸ್ವಿಚ್ ಆರಿಸಿದ್ದು ಅವರೇ. ಹಠಾತ್ತನೆ ಬಂದ ನಿಶ್ಶಬ್ದದಲ್ಲಿ ತಂತಿಯನ್ನು ಬಿಚ್ಚಿ, ಸರಿದ ಗಂಟನ್ನು ಹೆಬ್ಬೆರಳಿನಿಂದ ಹಿಂದೆ ಮುಂದೆ ಆಡಿಸಿದರು.

"ಬೆಳಿಗ್ಗೆಯಿಂದ ನನ್ನ ಯಾಕಮ್ಮಿ ಬೈಲಿಲ್ಲ?"

"ಒತ್ತಿದೋಳು ನಾನು ನೀಲಕ್ಕ. ಗೊತ್ತಿದ್ದೂ ಒತ್ತಿದೆ. ನಿನ್ನ ಯಾವ ಬಾಯಲ್ಲಿ ಬೈಲಿ?"

"ಸರಿ, ಇಬ್ರೂ ಬೈಸ್ಕಳನ." ಗಾಜಿನ ಕೋಣೆಯ ಕಡೆಗೆ ಗದ್ದ ಎತ್ತಿ ತೋರಿಸಿದರು. "ಅವ್ನು? ಬಂದ್ ಬಂದೋರ್ ಮುಂದೆಲ್ಲಾ ನನ್ನ ಕೋತಿ ಕುಣ್ಸಂಗೆ ಕುಣಿಸ್ದೋನು?"

ಎಲ್ಲ ತಪ್ಪೂ ಮೇಲಿನಿಂದ ಕೆಳಕ್ಕೆ ಇಳಿದು ಬಂದು ಅತಿ ಕೆಳಗೆ ಕೂತವಳ ಮಡಿಲಲ್ಲಿ ಬೀಳುವುದು ಈ ನಾಡಿನ ಕಾರ್ಖಾನೆಗಳ ಹಳೆಯ ಪದ್ಧತಿ. ಚಂದ್ರಮೌಳಿ ಆ ಪದ್ಧತಿಯಲ್ಲಿ ನುರಿತವರು. ಮೂರಕ್ಕೆ ಐದು ನಿಮಿಷವಿರುವಾಗ ಅವರು ಬಂದರು. ಕೈಯಲ್ಲಿ ಟೈಪು ಮಾಡಿದ ಕಾಗದ. ಕಂಪ್ರೆಸರ್ ಸುದ್ದಿ ಅವರಿಗೆ ಮುಟ್ಟಿತ್ತು. ಮುಖದಲ್ಲಿ ಬೆಳಗಿನ ನಗು ಇರಲಿಲ್ಲ.

"ಸರಿ, ಗಂಟು ಅಂತಾನೇ ಇರ್ಲಿ. ನಾನೇ ಬರೆದು ತಂದಿದೀನಿ. 'ಒಬ್ಬ ಕೆಲಸಗಾರ್ತಿ ಸೂಚನೆ ಮೀರಿ ತಪ್ಪು ಗಂಟು ಹಾಕಿರುತ್ತಾರೆ. ಸದರಿಯವರನ್ನು ಕೆಲಸದಿಂದ ತೆಗೆಯಲಾಗಿದೆ. ಉಳಿದ ಹತ್ತು ಹಾರ್ನೆಸ್‌ಗಳನ್ನು ಬೇರೆಯವರು ಕಟ್ಟಿದ್ದು, ತೊಂದರೆ ಇರುವುದಿಲ್ಲ.' ನಿಮ್ಮ ಮೇಲೂ ಏನೂ ಬರಲ್ಲ. ಒತ್ತಿ."

ರೂಪಶ್ರೀ ಕಾಗದವನ್ನು ಮುಟ್ಟದೆ ಓದಿದಳು. "ಹತ್ತಕ್ಕೂ ಅದೇ ಗಂಟು ಸಾ. ಕಟ್ಟೋರೆಲ್ಲಾ ಅದೇ ಹಾಕಿರೋದು."

"ಅದು ಅವರಿಗೆ ಗೊತ್ತಾ?"

"ನಮಗೆ ಗೊತ್ತಲ್ಲ!"

"ರೀ, ನೀಲಗಂಗಮ್ಮ ಒಬ್ಬರು ಹೋಗ್ತಾರೆ, ಹನ್ನೆರಡು ಜನ ಉಳೀತೀರಿ. ಲೆಕ್ಕ ಅರ್ಥ ಆಗಲ್ವಾ? ಹೂ ಮಾರೋರ ಕೈಗೆ ವಿಮಾನ ಕೊಟ್ಟಿದ್ದೇ ನಾನು ಮಾಡಿದ ತಪ್ಪು."

ಶೆಡ್ಡಿನಲ್ಲಿ ಕತ್ತರಿಗಳ ಸದ್ದು ನಿಂತಿತು.

"ಕೊಟ್ಟೋರು ಯಾರು ಸಾ?" ರೂಪಶ್ರೀಯ ದನಿ ಏರಿತು. "ಹೂ ಕಟ್ಟೋರು ಅಂತಾನೇ ತಗಂಡ್ರಿ. ಹೂ ಕಟ್ಟಿಸಿ ಫೋಟೋ ಹಿಡ್ಸಿದ್ರಿ. ಹದಿನೈದು ದಿನ ಕಲ್ಸಬೇಕಾದ್ದನ್ನ ಮೂರು ದಿನಕ್ಕೆ ಮುಗ್ಸಿದ್ರಿ, ಇನ್ನ ಜೋರಾಗಿ ಕಟ್ಟಿ ಅಂತ ಬೆನ್ನ ಮ್ಯಾಲೆ ನಿಂತ್ರಿ. ಈಗ ಸೂಚನೆ ಮೀರಿದ್ಲು ಅಂತೀರ. ಯಾವ ಸೂಚನೆ? ಕನ್ನಡದಲ್ಲಿ ಒಂದೇ ಒಂದು ಸಾಲು ತೋರ್ಸಿ. ತೋರ್ಸಿದ್ರೆ ಈಗ್ಲೇ ಒತ್ತೀನಿ."

"ಒತ್ತಲ್ಲ ಅಂದ್ರೆ ಸ್ಟಾಂಪ್ ಇಟ್ಟು ಮನೆಗೆ ಹೋಗಿ. ಬೇರೆಯವರು ಒತ್ತುತ್ತಾರೆ."

ರೂಪಶ್ರೀ ಡ್ರಾಯರ್ ಎಳೆದಳು. ಚಂದ್ರಮೌಳಿ ಸ್ಟಾಂಪಿಗಾಗಿ ಕೈ ಚಾಚಿದರು. ಅವಳು ತೆಗೆದದ್ದು ಕೆಂಪು ಚೀಟಿಗಳ ಕಟ್ಟು. ಸ್ಟಾಂಪ್ ಇರುವವರು ಯಾವುದೇ ಕೆಲಸದ ಮೇಲೆ ಅನುಮಾನ ಬಂದರೆ ಅದಕ್ಕೆ ಕೆಂಪು ಚೀಟಿ ಕಟ್ಟಬಹುದು. ಕಟ್ಟಿದ ಚೀಟಿಯನ್ನು ಬಿಚ್ಚಬೇಕಾದರೆ ಕಟ್ಟಿದವರೇ ಬಿಚ್ಚಬೇಕು, ಇಲ್ಲವೇ ಮಾಲು ಕೊಂಡವರ ಎಂಜಿನಿಯರ್ ಬಂದು ಬಿಚ್ಚಬೇಕು. ವಿಮಾನದ ಕೆಲಸದಲ್ಲಿ ಅದು ಕಟ್ಟಾ ನಿಯಮ. ಈ ಶೆಡ್ಡಿನಲ್ಲಿ ಎರಡು ವರ್ಷದಿಂದ ಆ ಕಟ್ಟಿನ ರಬ್ಬರ್ ಬ್ಯಾಂಡನ್ನೇ ಯಾರೂ ಬಿಚ್ಚಿರಲಿಲ್ಲ.

ಮೊದಲ ಚೀಟಿಯನ್ನು ಅವಳು ವಾಪಸ್ ಬಂದ ಹಾರ್ನೆಸ್‌ಗೆ ಕಟ್ಟಿ 6 ಎಂದು ಒತ್ತಿದಳು. ಆಮೇಲೆ ಎದ್ದು ನಡೆದಳು. ಕಳಿಸಲು ಸಿದ್ಧವಾಗಿ ತೂಗುಹಾಕಿದ್ದ ಐದು ಹೊಸ ಹಾರ್ನೆಸ್‌ಗಳಿಗೆ ಒಂದೊಂದು ಚೀಟಿ. ಶಾಂತಿ ಬಂದು ಅವಳ ಕೈಯಿಂದ ಅರ್ಧ ಚೀಟಿಗಳನ್ನು ಇಸಿದುಕೊಂಡಳು. "ನೀನು ಒತ್ತಕ್ಕ, ನಾನು ಕಟ್ತೀನಿ." ದಾಕ್ಷಾಯಣಮ್ಮ ತಮ್ಮ ಮೇಜಿನ ಮೇಲೆ ಅರ್ಧ ಕಟ್ಟಿದ್ದ ಹಾರ್ನೆಸನ್ನು ಎತ್ತಿ ಹಿಡಿದು, "ಇದ್ಕೂ ಒಂದು ಕಟ್ರವ್ವ, ನಂದೂ ಅದೇ ಗಂಟೇಯ," ಎಂದರು. ಹತ್ತು ನಿಮಿಷದಲ್ಲಿ ಶೆಡ್ಡಿನ ತುಂಬ ಕೆಂಪು.

"ಬಿಚ್ರಿ ಅದನ್ನೆಲ್ಲ!" ಚಂದ್ರಮೌಳಿ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡರು.

"ಕತ್ತರಿಸಿ ಸಾ," ಎಂದಳು ರೂಪಶ್ರೀ. "ಕತ್ತರಿಸಿದೋರ ನಂಬರ್ ರಿಜಿಸ್ಟರಲ್ಲಿ ಬರೀಬೇಕು. ನಿಮ್ಮ ನಂಬರ್ ಎಷ್ಟು?"

ಚಂದ್ರಮೌಳಿಗೆ ನಂಬರ್ ಇರಲಿಲ್ಲ. ಕೋಣೆ ಇತ್ತು, ಕಾರಿತ್ತು, ಹದಿಮೂರು ಜನರನ್ನು ಒಂದೇ ಮಾತಿಗೆ ಮನೆಗೆ ಕಳಿಸುವ ಅಧಿಕಾರವಿತ್ತು. ತಪ್ಪಾದರೆ ತಮ್ಮ ಮೇಲೇ ಬರುವಂಥ ಒಂದು ಅಂಕೆ ಮಾತ್ರ ಅವರ ಹೆಸರಿನ ಮುಂದೆ ಎಲ್ಲೂ ಇರಲಿಲ್ಲ. ಅಂಥವರಿಗೆ ಅದು ಎಲ್ಲಿಯೂ ಇರುವುದಿಲ್ಲ. ಕತ್ತರಿ ಅವರ ಕೈಯಲ್ಲೇ ಉಳಿಯಿತು.

ರೂಪಶ್ರೀ ಕೂತು ಬರೆದಳು. ಕನ್ನಡದಲ್ಲೇ ಬರೆದಳು.

'ಗಂಟು ನಮ್ಮದು. ಕ್ಲಾಂಪಿನಲ್ಲಿ ತಪ್ಪಿಲ್ಲ. ಹನ್ನೊಂದು ಹಾರ್ನೆಸ್‌ಗಳಿಗೂ ಇದೇ ಗಂಟು ಹಾಕಿದ್ದೇವೆ. ಅಲ್ಲಾಡಿಸಿ ನೋಡಿದೆವು, ನಲವತ್ತು ನಿಮಿಷದಲ್ಲಿ ನಾಲ್ಕು ಬೆರಳು ಜಾರಿತು. ಇದು ಒಬ್ಬರ ತಪ್ಪಲ್ಲ. ಹದಿನೈದು ದಿನದ ತರಬೇತಿಯನ್ನು ಮೂರು ದಿನ ಕೊಟ್ಟರು. ತಪ್ಪು ಗಂಟು ಎಂದು ಗೊತ್ತಿದ್ದೂ ಸ್ಟಾಂಪ್ ಒತ್ತಿದವಳು ನಾನು, ನಂಬರ್ 6. ಹತ್ತು ವಿಮಾನಗಳನ್ನು ಈ ಕ್ಷಣ ನಿಲ್ಲಿಸಿ.'

ಕೆಳಗೆ ಹತ್ತು ಹಾರ್ನೆಸ್‌ಗಳ ಕ್ರಮಸಂಖ್ಯೆ ಬರೆದು, ಸ್ಟಾಂಪ್ ಒತ್ತಿ, ಫೋಟೋ ಹೊಡೆದಳು. ವಾಪಸ್ ಬಂದ ಪೆಟ್ಟಿಗೆಯ ಮೇಲೆ ವಿಮಾನ ಶಾಲೆಯ ಎಂಜಿನಿಯರ್ ರಜನೀಶ್ ಅವರ ಫೋನ್ ನಂಬರ್ ಇತ್ತು. ವಾಟ್ಸಾಪಿನಲ್ಲಿ ಕಳಿಸಿದಳು. ಜಾರಿದ ಗಂಟುಗಳ ಎರಡು ಫೋಟೋ ಕೂಡ.

"ನೀನು ನಿನ್ನ ಗೋರಿ ನೀನೇ ತೋಡ್ಕೊಂಡೆ," ಎಂದರು ಚಂದ್ರಮೌಳಿ. ಬಹುವಚನ ಎಲ್ಲೋ ಬಿದ್ದುಹೋಗಿತ್ತು.

"ಅವ್ಳಿಗೆ ನೀನು ತಾನು ಅನ್ಬ್ಯಾಡಿ," ಎಂದರು ನೀಲಗಂಗಮ್ಮ. ದನಿ ಏರಿಸದೆ ಹೇಳಿದರು. "ನಮ್ ಕೈ ನೆಚ್ಕಂಡು ಮ್ಯಾಲಕ್ ಓಗೋರು ಬೀಳ್ಬಾರ್ದು ಅಂತ ಬರ್ದವ್ಳೆ. ನೀವೇನ್ ಬರ್ದ್ರಿ? ನಾನೊಬ್ಳು ಬಿದ್ರೆ ಸಾಕು ಅಂತ ಬರ್ದ್ರಿ."

ಫೋನು ರಿಂಗಾಯಿತು. ರೂಪಶ್ರೀ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಳು.

"ರಜನೀಶ್ ಮಾತಾಡ್ತಿರೋದು. ನಂಬರ್ ಆರು ಯಾರು?"

"ನಾನೇ ಸಾ. ರೂಪಶ್ರೀ."

"ಕ್ರಮಸಂಖ್ಯೆ ಒಂದೊಂದಾಗಿ ಓದಿ, ಮೇಡಂ. ನಾನು ವಾಪಸ್ ಹೇಳ್ತೀನಿ. ಒಂದು ಅಂಕೆ ತಪ್ಪಿದ್ರೂ ತಡೀರಿ."

ಅವಳು ಓದಿದಳು. ಆ ಕಡೆಯಿಂದ ಅವರು ತಿರುಗಿ ಹೇಳಿದರು. ಒಂದು, ಎರಡು, ಮೂರು. ಏಳನೆಯದನ್ನು ಓದಿದಾಗ ರಜನೀಶ್ ತಿರುಗಿ ಹೇಳಲಿಲ್ಲ. ದೂರದಲ್ಲಿ ಯಾರಿಗೋ ಕೂಗಿದ್ದು ಕೇಳಿತು: "ಅದನ್ನ ನಿಲ್ಸಿ! ರನ್‌ವೇಗೆ ಬಿಡ್ಬೇಡಿ, ವಾಪಸ್ ಕರೀರಿ!" ಯಾರೋ ಓಡಿದ ಸದ್ದು. ಶಾಂತಿ ರೂಪಶ್ರೀಯ ತೋಳು ಹಿಡಿದುಕೊಂಡಳು. ಉಸಿರೆಳೆದುಕೊಳ್ಳುವಷ್ಟು ಹೊತ್ತಿನ ಮೇಲೆ ಮತ್ತೆ ದನಿ ಬಂತು. "ನಿಂತಿದೆ. ಮುಂದಿನದು ಓದಿ."

ಹತ್ತೂ ಮುಗಿದವು.

"ಎರಡು ವರ್ಷದಲ್ಲಿ ನಿಮ್ಮ ಕಡೆಯಿಂದ ಇಂಥ ಒಂದೂ ಕಾಗದ ಬಂದಿರ್ಲಿಲ್ಲ," ಎಂದರು ರಜನೀಶ್. ಹೊಗಳಿಕೆಯಲ್ಲ, ಸಿಟ್ಟಿತ್ತು. "ತಪ್ಪು ಗಂಟು ಅಂತ ಗೊತ್ತಿದ್ದೂ ಒತ್ತಿದೀರಲ್ಲ ಮೇಡಂ. ಅದಕ್ಕೆ ಉತ್ತರ ಕೊಡ್ಬೇಕಾಗತ್ತೆ."

"ಕೊಡ್ತೀನಿ ಸಾ. ಕರೆದ ಕಡೆ ಬತ್ತೀನಿ."

"ಹತ್ತನ್ನೂ ನಾಳೆ ಬಿಚ್ಚಿಸ್ತೀನಿ. ಮತ್ತೆ ಕಟ್ಟೋರು ಯಾರು?"

"ಅದನ್ನ ಬೇರೆ ಕಂಪನಿಗೆ..." ಎಂದು ಚಂದ್ರಮೌಳಿ ಫೋನಿನ ಕಡೆ ಬಾಗಿದರು.

"ನಾವೇ ಕಟ್ತೀವಿ," ಎಂದಳು ರೂಪಶ್ರೀ, ಅವರ ಮಾತಿನ ಮೇಲೇ. "ನಿಮ್ಮ ಕಡೆಯವರು ಒಬ್ರು ಬಂದು ಪಕ್ಕದಲ್ಲಿ ನಿಂತ್ಕಳ್ಳಿ. ಹದಿನೈದು ದಿನ ಕಲಿಸ್ಲಿ. ಕನ್ನಡದಲ್ಲಿ. ಪ್ರತಿ ಗಂಟೂ ಅವರೇ ನೋಡ್ಲಿ. ಅಲ್ಲೀವರೆಗೂ ಇಲ್ಲಿ ಒಂದು ಚೀಟೀನೂ ಬಿಚ್ಚಲ್ಲ."

ರಜನೀಶ್ ಕೇಳಿದರು: "ನಿಮ್ಮ ಮ್ಯಾನೇಜ್ಮೆಂಟ್ ಒಪ್ಪಿದೆಯಾ?"

"ಅವರನ್ನ ನೀವೇ ಕೇಳಿ. ಇಲ್ಲೇ ಅವ್ರೆ, ಕತ್ತರಿ ಹಿಡ್ಕಂಡು ನಿಂತವ್ರೆ."

ಯಾರೋ ನಕ್ಕರು. ಚಂದ್ರಮೌಳಿ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ನಾಳೆ... ನಾಳೆ ನಾನೇ ಬಂದು ಮಾತಾಡ್ತೀನಿ ಸರ್," ಎಂದು ಫೋನಿಗೆ ಹೇಳಿ, ಹೆಂಗಸರ ಕಡೆಗೆ ತಿರುಗಿದರು. "ನಾಳೆಯಿಂದ ಯಾರೂ ಬರೋ ಹಾಗಿಲ್ಲ. ವ್ಯಾನು ಬರಲ್ಲ."

ಐದು ಗಂಟೆಗೆ ವ್ಯಾನಿನ ಹಾರನ್ ಕೇಳಿತು. ದಿನಾ ಮೊದಲ ಹಾರನ್ನಿಗೇ ಚೀಲ ಹೆಗಲಿಗೇರಿಸಿ ಓಡುವವರು. ಎರಡನೇ ಸಲ ಕೂಗಿತು. ದಾಕ್ಷಾಯಣಮ್ಮ ಬಾಗಿಲಿಗೆ ಹೋಗಿ, "ಒಸಿ ತಡಿಯಪ್ಪ, ಇಲ್ಲಾಂದ್ರೆ ಬುಟ್ಟೋಗು. ನಮಗೆ ಕಾಲು ಅವೆ," ಎಂದು ಡ್ರೈವರಿಗೆ ಹೇಳಿ ಒಳಗೆ ಬಂದರು.

ನೀಲಗಂಗಮ್ಮ ವಾಪಸ್ ಬಂದ ಹಾರ್ನೆಸ್ ಮುಂದೆ ಸ್ಟೂಲು ಎಳೆದುಕೊಂಡು ಕೂತಿದ್ದರು. ಕೆಂಪು ಚೀಟಿಯನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿ, ಕಟ್ಟಿ ಕಲಿಯಲು ಒಂದು ಬೇರೆ ತಂತಿಕಟ್ಟು ಇಟ್ಟುಕೊಂಡರು. ದಾರವನ್ನು ಬೆರಳಿಗೆ ಸುತ್ತಲು ಹೋದ ಕೈ ಅಭ್ಯಾಸಬಲದಿಂದ ಹಳೆಯ ಮಡಿಕೆಗೇ ನುಗ್ಗಿತು. ತಡೆದು, ಬಿಚ್ಚಿ, ಮತ್ತೆ ಸುತ್ತಿದರು. ಮತ್ತೆ ಅದೇ ಆಯಿತು.

"ಈ ಕೈ ನನ್ ಮಾತೇ ಕೇಳಾಕಿಲ್ಲ ಅಂತದೆ. ಬಾ ಇಲ್ಲಿ ಶಾಂತಿ," ಎಂದರು. "ನಿನ್ ಬೆರಳಿಗೆ ಊವ ಕಟ್ಟೋ ಚಾಳಿ ಇಲ್ಲ, ರೂಪಶ್ರೀ ಕಟ್ಟಿದ್ನೂ ಪಕ್ಕದಲ್ಲೇ ನಿಂತ್ ನೋಡಿದ್ದೀಯ. ಎರಡ್ ಸುತ್ತು, ಆಮ್ಯಾಕೆ? ಮೊದ್ಲಿಂದ ತೋರ್ಸು. ನಿದಾನಕ್ಕೆ."